ಹಳೆಯ ಜಾಲದ ಹುಚ್ಚು ಮೂಲೆಗಳು: ಯಾವುದನ್ನು ಎಲ್ಲಿ ಹುಡುಕಬೇಕು?

2003ರಲ್ಲಿ ದಾವಣಗೆರೆಯ ಒಂದು ಸೈಬರ್ ಕೆಫೆಯಲ್ಲಿ ಗಂಟೆಗೆ 20 ರೂಪಾಯಿ ಕೊಟ್ಟು ನಾನು ನೋಡಿದ್ದು ಸಾಲಾಗಿ ನಿಂತ ಪ್ರಾಣಿಗಳು ಕಸರತ್ತು ಮಾಡುವುದನ್ನು. ಬ್ಯಾಡ್ಜರ್ ಎಂಬ ಹೆಸರನ್ನು ಕೇಳಿದ್ದೇ ಅಂದು. ನಡುವೆ ಒಂದು ಅಣಬೆ, ಆಗೊಮ್ಮೆ ಒಂದು ಹಾವು, ಮತ್ತೆ ಅದೇ ಕಸರತ್ತು. ಬ್ರಿಟನ್ನಿನ ಜೊಂಟಿ ಪಿಕಿಂಗ್ ಮಾಡಿದ ಆ ಅನಿಮೇಷನ್‌ಗೆ ಕಥೆಯಿಲ್ಲ, ಕೊನೆಯೂ ಇಲ್ಲ. ಕಿಟಕಿ ಮುಚ್ಚುವವರೆಗೂ ಅದು ಸುತ್ತುತ್ತಲೇ ಇರುತ್ತದೆ. ಪಕ್ಕದ ಕುರ್ಚಿಯಲ್ಲಿದ್ದ ಗೆಳೆಯ ಬಂದು ನಿಂತ, ಆಮೇಲೆ ಕೆಫೆಯ ಹುಡುಗ ಬಂದು ನಿಂತ. ಮೂವರೂ ನಗುತ್ತಾ ಅರ್ಧ ಗಂಟೆ ಕಳೆದೆವು.

ಇಂಥ ನೆನಪು ಇರುವವರು ಕನ್ನಡದಲ್ಲಿ ಬಹಳ ಮಂದಿ ಇದ್ದಾರೆ. ವಿಚಿತ್ರ ಕಾರ್ಟೂನು, ಮನೆಯವರಿಗೆ ಕಾಣದಂತೆ ಆಡಿದ ಹಿಂಸೆಯ ಆಟ, ಹಾರುವ ತಟ್ಟೆಗಳ ಬಗ್ಗೆ ಯಾರೋ ಬರೆದ ಹಸಿರು ಹಿನ್ನೆಲೆಯ ಪುಟ. ಅವನ್ನು ಮತ್ತೆ ನೋಡಬೇಕೆಂದರೆ ಇಂದು ಹಲವು ದಾರಿಗಳಿವೆ. ಆದರೆ ಒಂದು ದಾರಿಯಲ್ಲಿ ಸಿಕ್ಕಿದ್ದು ಇನ್ನೊಂದರಲ್ಲಿ ಸಿಗುವುದಿಲ್ಲ. ಹತ್ತು ವರ್ಷಗಳಿಂದ ಈ ಹುಡುಕಾಟವನ್ನೇ ಹಚ್ಚಿಕೊಂಡಿರುವ ನಾನು ಕಂಡುಕೊಂಡದ್ದು ಇಷ್ಟು: ನೀವು ಕಳೆದುಕೊಂಡದ್ದು ಆಟವೋ, ಪುಟವೋ ಅಥವಾ ಅಲ್ಲಿ ಸೇರುತ್ತಿದ್ದ ಜನರ ಮಾತಿನ ಬೀದಿಯಂಥ ಗದ್ದಲವೋ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಎಲ್ಲರೂ ಮೊದಲು ಹೋಗುವುದು ಯೂಟ್ಯೂಬಿಗೆ. ಅಲ್ಲಿ ಬ್ಯಾಡ್ಜರ್‌ಗಳು ಇವೆ, ಆದರೆ ಅಲ್ಲಿ ಅವಕ್ಕೊಂದು ಕೊನೆ ಇದೆ. ನಿಲ್ಲದೆ ಸುತ್ತುವುದೇ ಆ ಅನಿಮೇಷನ್ನಿನ ಜೀವವಾಗಿರುವಾಗ ವೀಡಿಯೊ ಮುಗಿದು ಮುಂದಿನ ಜಾಹೀರಾತು ಬಂದರೆ ನೋಡಿದ್ದು ಬೇರೆಯೇ ವಸ್ತುವಾಗುತ್ತದೆ. ಅಂದಿನ ಇಂಥ ಅನಿಮೇಷನ್, ಆಟಗಳನ್ನು ಕಟ್ಟುತ್ತಿದ್ದ ಫ್ಲ್ಯಾಶ್ ಎಂಬ ತಂತ್ರಾಂಶದ ಚಿತ್ರಗಳು ಗೆರೆಗಳ ಲೆಕ್ಕಾಚಾರದಿಂದ ಮೂಡುವಂಥವು. ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ವೀಡಿಯೊ ಮಾಡಿದ ಮೇಲೆ ಆ ಹರಿತ ಹೋಗುತ್ತದೆ. ಇನ್ನು ಚಿತ್ರದೊಳಗೆ ಎಲ್ಲೋ ಅಡಗಿಸಿಟ್ಟ ಗುಂಡಿಯನ್ನು ಒತ್ತಿದರೆ ಬರುತ್ತಿದ್ದ ಗುಟ್ಟಿನ ದೃಶ್ಯಗಳಂತೂ ವೀಡಿಯೊದಲ್ಲಿ ಕೈಗೆ ಸಿಗುವ ಮಾತೇ ಇಲ್ಲ. ಹೆಸರು ಮರೆತಿದ್ದರೆ ಹೆಸರು ಪತ್ತೆಮಾಡಲು ಯೂಟ್ಯೂಬ್ ಸಾಕು. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಬಯಸಬೇಡಿ.

ಆಟ, ಅನಿಮೇಷನ್ ಬೇಕಿದ್ದವರಿಗೆ

ಫ್ಲ್ಯಾಶ್ ಹೇಗೆ ಹೋಯಿತು ಎಂಬುದನ್ನು ತಿಳಿದುಕೊಂಡರೆ ಆಯ್ಕೆ ಸುಲಭವಾಗುತ್ತದೆ. 1996ರಲ್ಲಿ ಮ್ಯಾಕ್ರೊಮೀಡಿಯಾ ಕಂಪನಿಯ ಕೈಗೆ ಬಂದ ಈ ತಂತ್ರಾಂಶ 2005ರಲ್ಲಿ ಅಡೋಬಿಯ ಪಾಲಾಯಿತು. ಐಫೋನ್ ಅದನ್ನು ಎಂದೂ ಒಳಗೆ ಬಿಟ್ಟುಕೊಳ್ಳಲಿಲ್ಲ. 2010ರ ಏಪ್ರಿಲ್‌ನಲ್ಲಿ ಸ್ಟೀವ್ ಜಾಬ್ಸ್ ಬಹಿರಂಗ ಪತ್ರವನ್ನೇ ಬರೆದು ಕಾರಣ ಹೇಳಿದರು. ಭದ್ರತೆಯ ತೂತುಗಳು ಒಂದರ ಹಿಂದೊಂದು ಕಾಣಿಸಿಕೊಂಡವು. ಕೊನೆಗೆ 2020ರ ಡಿಸೆಂಬರ್ 31ಕ್ಕೆ ಅಡೋಬಿ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಪ್ಲೇಯರ್ ತಾನೇ ಫ್ಲ್ಯಾಶ್ ಕಡತಗಳನ್ನು ಓಡಿಸಲು ನಿರಾಕರಿಸಿತು. ಕಡತಗಳು ಇದ್ದ ಹಾಗೆಯೇ ಇದ್ದವು. ಅವನ್ನು ಓದುವ ಕಣ್ಣು ಮಾತ್ರ ಇಲ್ಲವಾಯಿತು.

ಆ ಕಣ್ಣನ್ನು ಹೊಸದಾಗಿ ಕಟ್ಟಿದ ಯೋಜನೆಯ ಹೆಸರು ರಫಲ್. ಸ್ವಯಂಸೇವಕರು ಬರೆಯುತ್ತಿರುವ ಈ ಮುಕ್ತ ತಂತ್ರಾಂಶ ಬ್ರೌಸರಿನ ಒಳಗೇ ಹಳೆಯ ಫ್ಲ್ಯಾಶ್ ಕಡತವನ್ನು ಓಡಿಸುತ್ತದೆ, ಫೋನಿನಲ್ಲೂ ನಡೆಯುತ್ತದೆ. ಮೊದಮೊದಲಿನ ಅನಿಮೇಷನ್‌ಗಳಿಗೂ ಸರಳ ಆಟಗಳಿಗೂ ಇದು ಚೆನ್ನಾಗಿ ಒಗ್ಗುತ್ತದೆ. 2006ರ ನಂತರ ಬಂದ ಸಂಕೀರ್ಣ ಆಟಗಳಲ್ಲಿ ಕೆಲವು ಅರ್ಧಕ್ಕೆ ನಿಲ್ಲುತ್ತವೆ, ಕೆಲವದರಲ್ಲಿ ಅಕ್ಷರಗಳು ಮಾಯವಾಗಿರುತ್ತವೆ. ಇದನ್ನು ಬಿಟ್ಟು "ಹಳೆಯ ಫ್ಲ್ಯಾಶ್ ಪ್ಲೇಯರ್ ಇಲ್ಲಿ ಉಚಿತ" ಎನ್ನುವ ತಾಣಗಳಿಗೆ ದಯವಿಟ್ಟು ಹೋಗಬೇಡಿ. ನಾನು 2021ರಲ್ಲಿ ಹೋದೆ. ಇಳಿಸಿಕೊಂಡ ಕಡತದೊಳಗೆ ಫ್ಲ್ಯಾಶ್ ಇರಲಿಲ್ಲ. ಇದ್ದದ್ದು ಎರಡು ದಿನ ಕೂತು ಇಡೀ ಲ್ಯಾಪ್‌ಟಾಪನ್ನು ಅಳಿಸಿ ಮತ್ತೆ ವಿಂಡೋಸ್ ಹಾಕಿಸುವಷ್ಟು ವೈರಸ್.

ಈ ರಫಲ್ ಅನ್ನು ಬಳಸಿಕೊಂಡು ಇಂದಿಗೂ ಬಾಗಿಲು ತೆರೆದಿರುವ ತಾಣಗಳಲ್ಲಿ ನನ್ನ ಮಟ್ಟಿಗೆ ಮೊದಲನೆಯದು ನ್ಯೂಗ್ರೌಂಡ್ಸ್. ಟಾಮ್ ಫಲ್ಪ್ ಎಂಬ ಅಮೆರಿಕದ ಹುಡುಗ 1995ರಲ್ಲಿ ಶುರುಮಾಡಿದ ತಾಣವಿದು. 2000ನೇ ಇಸವಿಯಲ್ಲಿ ಯಾರು ಬೇಕಾದರೂ ತಮ್ಮ ಕೆಲಸವನ್ನು ತಾವೇ ಏರಿಸಬಹುದಾದ ವ್ಯವಸ್ಥೆ ಬಂತು, ಯೂಟ್ಯೂಬಿಗಿಂತ 5 ವರ್ಷ ಮೊದಲೇ. ಏರಿಸಿದ್ದನ್ನು ಉಳಿಸಬೇಕೋ ಬಿಸಾಡಬೇಕೋ ಎಂದು ನೋಡುಗರೇ ಮತ ಹಾಕುತ್ತಿದ್ದರು. ಅಂಕ ಕಡಿಮೆಯಾದರೆ ಆ ಕೃತಿ ತಾಣದಿಂದಲೇ ಹೊರಗೆ. ಊರ ಜಾತ್ರೆಯ ನಾಟಕದಲ್ಲಿ ಪಾತ್ರಧಾರಿ ತಪ್ಪಿದರೆ ಎದುರು ಕೂತವರು ಎಬ್ಬಿಸಿ ಕಳಿಸುತ್ತಿದ್ದರಲ್ಲ, ಆ ಬಗೆಯ ನಿಷ್ಠುರ.

ಆ ನಿಷ್ಠುರದ ನಡುವೆ ಉಳಿದುಕೊಂಡ ಅತಿ ವಿಚಿತ್ರ ವಸ್ತುವೆಂದರೆ 2001ರ ಆಗಸ್ಟ್ 15ರಂದು ಸ್ಟ್ರಾಬೆರಿ ಕ್ಲಾಕ್ ಎಂಬ ಹೆಸರಿನಲ್ಲಿ ಒಬ್ಬಾತ ಏರಿಸಿದ ಅನಿಮೇಷನ್. ಅದರಲ್ಲಿ ಇರುವುದು ಪರದೆಯ ನಡುವೆ ಇಂಗ್ಲಿಷಿನ 'ಬಿ' ಅಕ್ಷರ, ಅಷ್ಟೆ. ಅದರ ಸುತ್ತ ಗಡಿಯಾರಗಳ ಹೆಸರಿಟ್ಟುಕೊಂಡ ಒಂದು ಪಡೆಯೇ ಹುಟ್ಟಿಕೊಂಡಿತು. ನಮ್ಮ ಸ್ವಾತಂತ್ರ್ಯ ದಿನದಂದೇ ಅವರು ತಮ್ಮ ಗಡಿಯಾರ ದಿನವನ್ನು ಆಚರಿಸುತ್ತಾರೆ. ಇದನ್ನು ಯೂಟ್ಯೂಬಿನಲ್ಲಿ ನೋಡಿದರೆ ಏನೂ ಅರ್ಥವಾಗುವುದಿಲ್ಲ. ನ್ಯೂಗ್ರೌಂಡ್ಸ್‌ನಲ್ಲಿ ಅದರ ಕೆಳಗೆ ಜನ ಬರೆದಿಟ್ಟ ಬೈಗುಳ, ಮೆಚ್ಚುಗೆ, ವಾದ ಎಲ್ಲ ಓದಿದಾಗ ತಿಳಿಯುತ್ತದೆ: ಅಚ್ಚುಕಟ್ಟಿನ ವಿರುದ್ಧ ಹದಿಹರೆಯದವರು ನಡೆಸಿದ ಒಂದು ಬಂಡಾಯ ಅದು. ಬೀದಿಯ ಗದ್ದಲ ಬೇಕಾದವರಿಗೆ ನ್ಯೂಗ್ರೌಂಡ್ಸ್ ಎಂದು ನಾನು ಹೇಳುವುದು ಇದಕ್ಕೇ.

ಆದರೆ ಅಲ್ಲಿನ ಎಲ್ಲವೂ ನಗುವ ವಿಷಯವಲ್ಲ. 1999ರ ಏಪ್ರಿಲ್‌ನಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಗುಂಡಿನ ದಾಳಿ ನಡೆದು ಮಕ್ಕಳು ಸತ್ತರು. ಕೆಲವೇ ತಿಂಗಳಲ್ಲಿ ಫಲ್ಪ್ ಶಾಲೆಯೊಳಗಿನ ಗುಂಡಿನ ದಾಳಿಯನ್ನೇ ವಸ್ತುವಾಗಿಟ್ಟುಕೊಂಡು 'ಪೀಕೋಸ್ ಸ್ಕೂಲ್' ಎಂಬ ಆಟ ಮಾಡಿದರು. ಫ್ಲ್ಯಾಶ್‌ನಲ್ಲಿ ಆಗ ಸರಿಯಾದ ಪ್ರೋಗ್ರಾಂ ಬರೆಯುವ ಅನುಕೂಲವೇ ಇರಲಿಲ್ಲ. ಅಂಥದ್ದರಲ್ಲಿ ಅಷ್ಟು ಕವಲುಗಳ ಆಟವನ್ನು ಕಟ್ಟಿದ್ದು ಕೈಚಳಕದ ದೃಷ್ಟಿಯಿಂದ ದೊಡ್ಡದು. ಅದರ ಮುಖ್ಯ ಪಾತ್ರ ಪೀಕೋ 2020ರ 'ಫ್ರೈಡೇ ನೈಟ್ ಫಂಕಿನ್' ಆಟದಲ್ಲಿ ಮತ್ತೆ ಬಂದು ಇಂದಿನ ಮಕ್ಕಳಿಗೂ ಪರಿಚಿತವಾಗಿದೆ. ಆ ಹಳೆಯ ಆಟವನ್ನು ನಾನು ಎರಡು ಸಲ ಆಡಿದ್ದೇನೆ. ಮೊದಲ ಸಲ, 19ನೆಯ ವಯಸ್ಸಿನಲ್ಲಿ, ಧೈರ್ಯವೆಂದು ಕಂಡದ್ದು ಎರಡನೆಯ ಸಲ ತಂದೆಯಾದ ಮೇಲೆ ಹೊಟ್ಟೆ ತೊಳಸಿತು. ಅದನ್ನು ಅಳಿಸಿಹಾಕಬೇಕೆಂದು ನಾನು ಹೇಳುವುದಿಲ್ಲ, ಆ ಕಾಲದ ಹುಡುಗರು ಭಯವನ್ನು ಹೇಗೆ ಎದುರಿಸಿದರು ಎಂಬುದಕ್ಕೆ ಅದು ಸಾಕ್ಷಿ. ಮಕ್ಕಳ ಕೈಗೆ ಕೊಡಬಾರದು ಎಂದು ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ. ನ್ಯೂಗ್ರೌಂಡ್ಸ್ ಪ್ರತಿಯೊಂದಕ್ಕೂ ವಯಸ್ಸಿನ ಗುರುತು ಹಾಕಿದೆ. ನೋಡಿ ಒಳಗೆ ಹೋಗಿ.

ನಿಮಗೆ ಗದ್ದಲ ಬೇಡ, ಆಟ ಮಾತ್ರ ಬೇಕು, ಅದೂ ತಪ್ಪಿಲ್ಲದೆ ಓಡಬೇಕು ಎಂದಾದರೆ ಫ್ಲ್ಯಾಶ್‌ಪಾಯಿಂಟ್ ಹಾಕಿಕೊಳ್ಳಿ. 2018ರಲ್ಲಿ ಶುರುವಾದ ಈ ಸ್ವಯಂಸೇವಕರ ಸಂಗ್ರಹದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಆಟ, ಅನಿಮೇಷನ್‌ಗಳಿವೆ. ಫ್ಲ್ಯಾಶ್ ಅಲ್ಲದೆ ಶಾಕ್‌ವೇವ್, ಜಾವಾ ಆಪ್ಲೆಟ್‌ನಂಥ ಬೇರೆ ಸತ್ತ ತಂತ್ರಗಳವೂ ಉಂಟು. ಹಳೆಯ ಆಟಗಳಲ್ಲಿ ಬಹಳಷ್ಟು ತಮ್ಮ ಮೂಲ ತಾಣದ ವಿಳಾಸವನ್ನು ಪರೀಕ್ಷಿಸಿ, ಬೇರೆ ಕಡೆ ಇದ್ದರೆ ಓಡಲು ಒಪ್ಪುತ್ತಿರಲಿಲ್ಲ. ಫ್ಲ್ಯಾಶ್‌ಪಾಯಿಂಟ್ ನಿಮ್ಮ ಕಂಪ್ಯೂಟರಿನೊಳಗೇ ಆ ಸತ್ತ ತಾಣದ ವೇಷ ಹಾಕಿಕೊಂಡು ಆಟವನ್ನು ನಂಬಿಸುತ್ತದೆ. ಆಟ ತಾನು ಇನ್ನೂ 2004ರಲ್ಲೇ ಇದ್ದೇನೆಂದುಕೊಂಡು ಶುರುವಾಗುತ್ತದೆ. ಈ ಕೆಲಸ ಮಾಡಿದವರ ಬಗ್ಗೆ ನನಗೆ ನಿಜವಾದ ಗೌರವವಿದೆ.

ಅದರಲ್ಲಿ ಎರಡು ರೂಪಗಳಿವೆ. ಇನ್‌ಫಿನಿಟಿ ಎಂಬ ಚಿಕ್ಕ ರೂಪವು ನೀವು ಆಡಲು ಆರಿಸಿಕೊಂಡ ಆಟವನ್ನು ಮಾತ್ರ ಆಗಿಂದಾಗ ಇಳಿಸಿಕೊಳ್ಳುತ್ತದೆ. ಅಲ್ಟಿಮೇಟ್ ಎಂಬುದು ಇಡೀ ಸಂಗ್ರಹ, ಒಂದು ಟಿಬಿಗೂ, ಅಂದರೆ ಸಾವಿರ ಜಿಬಿಗೂ ಮೀರಿದ್ದು. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಅದನ್ನು ಇಳಿಸಲು ಕೂರುವುದು ಬೇಡ. ಸಂಗ್ರಹ ಕಾಯುವ ಹಟವಿದ್ದವರಿಗೆ ಮಾತ್ರ ಅದು. ಉಳಿದವರಿಗೆ ಇನ್‌ಫಿನಿಟಿಯೇ ಸಾಕು. ವಿಪರೀತ ಹಿಂಸೆ, ಅಶ್ಲೀಲತೆ ಇರುವವುಗಳನ್ನು ಅದು ಮೊದಲಿಗೆ ಮರೆಯಲ್ಲೇ ಇಡುತ್ತದೆ, ಬೇಕೆಂದವರು ಸೆಟ್ಟಿಂಗ್ಸ್‌ಗೆ ಹೋಗಿ ತೆರೆಯಬೇಕು. ಮನೆಯಲ್ಲಿ ಎಲ್ಲರೂ ಬಳಸುವ ಕಂಪ್ಯೂಟರ್ ಆದರೆ ನ್ಯೂಗ್ರೌಂಡ್ಸ್‌ಗಿಂತ ಇದು ಕ್ಷೇಮ. ಕೊರತೆ ಎರಡು: ಫೋನಿನಲ್ಲಿ ನಡೆಯದು, ಮತ್ತು ಜನರ ಮಾತು ಅಲ್ಲಿಲ್ಲ. ಆಟವೊಂದು ಗಾಜಿನ ಪೆಟ್ಟಿಗೆಯಲ್ಲಿಟ್ಟಂತೆ ಒಂಟಿಯಾಗಿ ಸಿಗುತ್ತದೆ.

ಪುಟ ಬೇಕಿದ್ದವರಿಗೆ

ಇಲ್ಲಿ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಸಾಟಿಯಿಲ್ಲ. ಬ್ರೂಸ್ಟರ್ ಕೇಲ್ 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರಂಭಿಸಿದ ಈ ಸಂಸ್ಥೆ 2001ರಲ್ಲಿ ವೇಬ್ಯಾಕ್ ಅನ್ನು ಸಾರ್ವಜನಿಕರಿಗೆ ತೆರೆಯಿತು. 2025ರ ಅಕ್ಟೋಬರ್‌ನಲ್ಲಿ ಅದು ಉಳಿಸಿಟ್ಟ ಪುಟಗಳ ಸಂಖ್ಯೆ ಒಂದು ಲಕ್ಷ ಕೋಟಿ ದಾಟಿತು. ವಿಳಾಸ ಕೊಟ್ಟರೆ ಕ್ಯಾಲೆಂಡರ್ ಬರುತ್ತದೆ. ಪುಟವನ್ನು ಉಳಿಸಿದ ದಿನಗಳ ಮೇಲೆ ನೀಲಿ ಚುಕ್ಕೆಗಳಿರುತ್ತವೆ, ಒಂದನ್ನು ಒತ್ತಿದರೆ ಆ ದಿನದ ಪುಟ ತೆರೆಯುತ್ತದೆ.

ಕೇಳಲು ಸುಲಭ. ಆದರೆ ವಿಳಾಸ ಗೊತ್ತಿರಬೇಕು, ಅದೇ ಇದರ ದೊಡ್ಡ ತೊಡಕು. ಪುಟದೊಳಗಿನ ಮಾತುಗಳನ್ನು ಕೊಟ್ಟು ಹುಡುಕಲಾಗದು. ಆದ್ದರಿಂದ ಹಳೆಯ ಡೈರಿ, ಹಳೆಯ ಇಮೇಲ್, ಕಂಪ್ಯೂಟರ್ ಪತ್ರಿಕೆಗಳ ಹಿಂಬದಿ ಪುಟ, ಗೆಳೆಯರ ನೆನಪು, ಎಲ್ಲಿಂದಲಾದರೂ ಮೊದಲು ವಿಳಾಸವನ್ನು ಗಿಟ್ಟಿಸಿಕೊಳ್ಳಬೇಕು. ಒಂದು ಪುಟ ಸಿಕ್ಕರೆ ಅದರ ಕೊಂಡಿಗಳಿಂದ ಮುಂದಿನವು ತಾವೇ ತೆರೆದುಕೊಳ್ಳುತ್ತವೆ.

ಕನ್ನಡದ ಹಳೆಯ ಪುಟಗಳನ್ನು ಹುಡುಕುವವರು ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಇನ್ನೊಂದಿದೆ. ಜಾಲದಲ್ಲಿ ಕನ್ನಡ ಬಲು ಬೇಗ ಬಂತು; ಯು.ಬಿ. ಪವನಜ ಅವರ ವಿಶ್ವಕನ್ನಡ 1996ರಷ್ಟು ಹಳೆಯದು. ಆದರೆ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ರೀತಿ ಮೂಡುವ ಯೂನಿಕೋಡ್ ಕನ್ನಡ ಮನೆಮನೆಯ ಕಂಪ್ಯೂಟರಿಗೆ ಬಂದದ್ದು ವಿಂಡೋಸ್ ಎಕ್ಸ್‌ಪಿಯ ತುಂಗಾ ಫಾಂಟಿನ ನಂತರ. ಅದಕ್ಕೂ ಮೊದಲು, ಆಮೇಲೂ ಎಷ್ಟೋ ವರ್ಷ, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿ ತೋರಿಸುತ್ತಿದ್ದರು. ಒಂದೊಂದು ತಾಣಕ್ಕೆ ಒಂದೊಂದು ಫಾಂಟು. ಆ ಫಾಂಟು ಇಲ್ಲದ ಇಂದಿನ ಬ್ರೌಸರಿನಲ್ಲಿ ಅಂಥ ಪುಟ ತೆರೆದರೆ ಏನು ಕಾಣುತ್ತದೆ ಗೊತ್ತೇ? ನುಡಿ ಫಾಂಟಿನಲ್ಲಿ ಬರೆದ 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ. ಮೊದಲು ಇಂಗ್ಲಿಷಿನ 'ಪಿ', ಅದರ ಮಗ್ಗುಲಲ್ಲಿ ತಲೆಯ ಮೇಲೆ ಓರೆ ಗೆರೆ ಹೊತ್ತ 'ಎ', ನಂತರ ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಗೆರೆಯ 'ಎ', ಜರ್ಮನ್ನರ ಜೋಡಿ 'ಎಸ್', ಚಿಕ್ಕ 'ಕ್ಯೂ', ಕೊನೆಗೆ ಇನ್ನೊಮ್ಮೆ ಆ 'ಎ'. ದಿಟ್ಟಿಸಿ ನೋಡಿದರೆ ಗುಟ್ಟು ಬಿಡಿಸಿಕೊಳ್ಳುತ್ತದೆ: ಮೂರು ಸಲ ಬಂದ ಆ 'ಎ' ನಮ್ಮ ತಲೆಕಟ್ಟು. ಪೌಂಡಿನ ಗುರುತು 'ನ'ದ ಮೈ. ಜರ್ಮನ್ ಅಕ್ಷರ ಅದರ ಒತ್ತು.

ಇದನ್ನು ಕಂಡು ಪುಟ ಹಾಳಾಗಿದೆ ಎಂದು ಮುಚ್ಚಿಬಿಟ್ಟವರನ್ನು ನಾನು ಬಲ್ಲೆ. ಹಾಳಾಗಿಲ್ಲ. ಆ ಗೋಜಲನ್ನು ಪೂರ್ತಿ ನಕಲು ಮಾಡಿ, ಆಸ್ಕಿ ಎನ್ನುವ ಈ ಹಳೆಯ ಪದ್ಧತಿಯಿಂದ ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಕ್ಕೆ ಹಾಕಿ. ನುಡಿ ಅಥವಾ 'ಬರಹ' ಎಂಬ ತಂತ್ರಾಂಶದ ಫಾಂಟಿನಲ್ಲಿದ್ದರೆ ಒಂದೇ ಕ್ಷಣದಲ್ಲಿ ಶುದ್ಧ ಕನ್ನಡ ಎದುರಿಗೆ ಬರುತ್ತದೆ. ಬೇರೆ ಫಾಂಟಾಗಿದ್ದರೆ ಪುಟದ ಮೂಲ ಕೋಡಿನಲ್ಲಿ ಅದರ ಹೆಸರು ಸಿಗುತ್ತದೆ, ಹೆಸರು ಹಿಡಿದು ಫಾಂಟನ್ನೇ ಹುಡುಕಬೇಕು. ಮೊದಲ ಸಲ ಹೀಗೆ 2001ರ ಒಂದು ತಲೆಹರಟೆ ಕನ್ನಡ ಪುಟದ ಸಾಲುಗಳು ಬಿಡಿಸಿಕೊಂಡಾಗ, ಮಣ್ಣು ಒರೆಸಿದ ಶಾಸನದಲ್ಲಿ ಅಕ್ಷರ ಮೂಡಿದ ಹಾಗಾಯಿತು ನನಗೆ.

ವೇಬ್ಯಾಕ್ ಒಂದನ್ನೇ ನಂಬಿಕೊಳ್ಳಬಾರದು ಎಂಬುದಕ್ಕೆ ಎರಡು ಪ್ರಸಂಗಗಳನ್ನು ಹೇಳುತ್ತೇನೆ. 2017ರ ಆಗಸ್ಟ್‌ನಲ್ಲಿ ಎರಡು ಹಿಂದಿ ಚಿತ್ರಗಳ ಕಳ್ಳಪ್ರತಿ ತಡೆಯಲು ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶದ ಪಟ್ಟಿಯಲ್ಲಿ ಆರ್ಕೈವ್‌ನ ಹೆಸರೂ ಸೇರಿ, ಭಾರತದಲ್ಲಿ ಇಡೀ ತಾಣವೇ ಕೆಲ ದಿನ ಮುಚ್ಚಿಹೋಯಿತು. 2024ರ ಅಕ್ಟೋಬರ್‌ನಲ್ಲಿ ದಾಳಿಕೋರರು ನುಗ್ಗಿ 3.1 ಕೋಟಿ ಬಳಕೆದಾರರ ಖಾತೆಗಳ ವಿವರ ಕದ್ದರು, ತಾಣ ಹಲವು ದಿನ ನಿಂತಿತು. ಅಲ್ಲಿ ನಿಮಗೆ ಬೇಕಾದ್ದು ಕಂಡರೆ ಅಂದೇ ನಿಮ್ಮ ಹಾರ್ಡ್ ಡಿಸ್ಕಿಗೂ ಒಂದು ಪ್ರತಿ ಇಳಿಸಿಕೊಳ್ಳಿ.

ವಿಳಾಸವೇ ನೆನಪಿಲ್ಲ, ಅಲೆದಾಡಲು ಮನಸ್ಸಿದೆ ಎನ್ನುವವರಿಗೆ ಜಿಯೊಸಿಟೀಸ್‌ನ ಪ್ರತಿಗಳು. 1994ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಜಿಯೊಸಿಟೀಸ್ ಉಚಿತವಾಗಿ ಪುಟ ಕಟ್ಟಿಕೊಳ್ಳಲು ಜಾಗ ಕೊಡುತ್ತಿತ್ತು, ಅದೂ ಬಡಾವಣೆಗಳ ಲೆಕ್ಕದಲ್ಲಿ. ಸಿನಿಮಾದವರಿಗೆ ಹಾಲಿವುಡ್, ರಾಕ್ ಸಂಗೀತದವರಿಗೆ ಸನ್‌ಸೆಟ್ ಸ್ಟ್ರಿಪ್, ಸಲಿಂಗಿಗಳಿಗೆ ವೆಸ್ಟ್ ಹಾಲಿವುಡ್, ಹಾರುವ ತಟ್ಟೆ, ದೆವ್ವ, ವೈಜ್ಞಾನಿಕ ಕಲ್ಪನೆಯವರಿಗೆ ಏರಿಯಾ 51. ಪ್ರತಿ ಪುಟಕ್ಕೂ ಮನೆ ನಂಬರು. ಯಾಹೂ 1999ರಲ್ಲಿ ಸುಮಾರು 350 ಕೋಟಿ ಡಾಲರಿಗೆ ಅದನ್ನು ಕೊಂಡು, 2009ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿತು. ಜೇಸನ್ ಸ್ಕಾಟ್ ಮತ್ತು ಅವರು ಕಟ್ಟಿದ ಆರ್ಕೈವ್ ಟೀಮ್ ಎಂಬ ಗುಂಪಿನ ಸ್ವಯಂಸೇವಕರು ಮುಚ್ಚುವ ಮುನ್ನ ಹಗಲು ರಾತ್ರಿ ಇಳಿಸಿಕೊಂಡು, ಮರುವರ್ಷ 600 ಜಿಬಿಗೂ ದೊಡ್ಡದಾದ ಟೊರೆಂಟ್ ಆಗಿ ಎಲ್ಲರಿಗೂ ಹಂಚಿದರು.

ಆ ಟೊರೆಂಟನ್ನು ನೀವು ಇಳಿಸಬೇಕಿಲ್ಲ. ರೆಸ್ಟೊರೇಟಿವ್‌ಲ್ಯಾಂಡ್ ಎಂಬ ತಾಣ ಬಡಾವಣೆ ಬಡಾವಣೆಯಾಗಿ ಪುಟಗಳ ಚಿಕ್ಕ ಚಿತ್ರಗಳನ್ನು ಜೋಡಿಸಿಟ್ಟಿದೆ; ಬೀದಿಯಲ್ಲಿ ನಡೆದಂತೆ ನೋಡುತ್ತಾ ಹೋಗಬಹುದು. ಹಳೆಯ ವಿಳಾಸ ಗೊತ್ತಿದ್ದರೆ ಊಸಿಟೀಸ್ ಎಂಬ ಇನ್ನೊಂದು ಪ್ರತಿಗೆ ಹೋಗಿ. ಬರೀ ಕುಣಿಯುವ ಚಿತ್ರಗಳು ಬೇಕೆಂದರೆ ಇಂಟರ್‌ನೆಟ್ ಆರ್ಕೈವ್‌ನದೇ ಗಿಫ್‌ಸಿಟೀಸ್ ಇದೆ, ಜಿಯೊಸಿಟೀಸ್ ಪುಟಗಳಿಂದ ಆರಿಸಿದ 45 ಲಕ್ಷ ಗಿಫ್‌ಗಳು. 'ಕೆಲಸ ನಡೆಯುತ್ತಿದೆ' ಎನ್ನುವ ಸಲಿಕೆಯ ಮನುಷ್ಯ ಅಲ್ಲಿ ನೂರಾರು ಬಣ್ಣದಲ್ಲಿದ್ದಾನೆ. 1998ರಲ್ಲಿ ಕೆನಡಾದ ವಿದ್ಯಾರ್ಥಿನಿಯೊಬ್ಬರು ತಮ್ಮ ಪುಟದಲ್ಲಿ ಕುಣಿಸಿದ ಹ್ಯಾಮ್‌ಸ್ಟರ್‌ಗಳು ಲೋಕವೆಲ್ಲ ಸುತ್ತಿದ್ದು ಇದೇ ಜಿಯೊಸಿಟೀಸ್‌ನಿಂದ.

ಹೀಗೆ ಅಲೆದು ಅಲೆದು ನಾನೂ ಒಂದು ಪುಟ ಮಾಡಬೇಕು ಎನ್ನಿಸಿದವರು ನಿಯೊಸಿಟೀಸ್‌ಗೆ ಹೋಗಿ. 2013ರಲ್ಲಿ ಕೈಲ್ ಡ್ರೇಕ್ ಶುರುಮಾಡಿದ ಇದು ಹಳೆಯದನ್ನು ಹುಡುಕುವ ಜಾಗವಲ್ಲ. ಒಂದು ಜಿಬಿ ಜಾಗ ಉಚಿತ, ಪುಟ ಕಟ್ಟುವ ಕೋಡಾದ ಎಚ್‌ಟಿಎಂಎಲ್ ಅನ್ನು ಕೈಯಾರೆ ಬರೆಯಬೇಕು, ಕನ್ನಡ ಯೂನಿಕೋಡ್ ನಿರಾಯಾಸವಾಗಿ ಮೂಡುತ್ತದೆ.

ಒಂದಕ್ಕಿಂತ ಹೆಚ್ಚು ದಾರಿಗಳನ್ನು ಏಕೆ ತಿಳಿದಿರಬೇಕು ಎಂಬುದು ನನಗೆ ಮನೆಯ ಮಟ್ಟದಲ್ಲೇ ಅರ್ಥವಾಯಿತು. ನನ್ನ ಅಕ್ಕನ ಗಂಡ 1999ರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಏರಿಯಾ 51ರಲ್ಲಿ ಒಂದು ಪುಟ ಮಾಡಿದ್ದರು. ವಿಷಯ, ರಾತ್ರಿ ಬಾಗಿಲು ತಟ್ಟುವ ದೆವ್ವಕ್ಕೆಂದು ಜನ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ಅದು. ಬರಹ ಇಂಗ್ಲಿಷಿನಲ್ಲಿ. ಕನ್ನಡ ಫಾಂಟಿನ ರಗಳೆ ಬೇಡವೆಂದು ಸೀಮೆಸುಣ್ಣದಲ್ಲಿ ಬರೆದ 'ನಾಳೆ ಬಾ' ಎಂಬ ಎರಡು ಪದಗಳನ್ನು ಮಾತ್ರ ಚಿತ್ರವಾಗಿ ಸ್ಕ್ಯಾನ್ ಮಾಡಿ ಹಾಕಿದ್ದರು. ಹಳೆಯ ಪುಸ್ತಕದ ರಟ್ಟಿನ ಒಳಗೆ ಅವರೇ ಬರೆದಿಟ್ಟ ವಿಳಾಸ ಕಳೆದ ವರ್ಷ ಸಿಕ್ಕಿತು.

ವೇಬ್ಯಾಕ್‌ನಲ್ಲಿ ಬರಹ ಪೂರ್ತಿ ಇತ್ತು. ಚಿತ್ರವಿರಬೇಕಾದ ಕಡೆ ಒಡೆದ ಚಿತ್ರದ ಪುಟ್ಟ ಗುರುತು, ಕೆಳಗೆ ಎಷ್ಟು ಜನ ಬಂದರೆಂದು ಎಣಿಸುತ್ತಿದ್ದ ಮೀಟರಿನ ಖಾಲಿ ಚೌಕ. ಊಸಿಟೀಸ್‌ಗೆ ಹೋದೆ. ಅಲ್ಲಿ ಬರಹ ಅರ್ಧಕ್ಕೆ ನಿಂತಿತ್ತು, ಚಿತ್ರ ಮಾತ್ರ ಕ್ಷೇಮವಾಗಿತ್ತು: ಹಸಿರು ಬಾಗಿಲು, ಬಿಳಿ ಅಕ್ಷರ, 'ಳೆ'ಯ ಬಾಲ ಸ್ವಲ್ಪ ಒರೆಸಿಹೋಗಿದೆ. ಎರಡನ್ನೂ ಒಂದೇ ಫೋಲ್ಡರಿನಲ್ಲಿ ಸೇರಿಸಿ, ಪುಟದೊಳಗೆ ಚಿತ್ರದ ದಾರಿಯನ್ನು ತಿದ್ದಿ, ಭಾವನವರಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು.

"ಹಿನ್ನೆಲೆಯಲ್ಲಿ ನಕ್ಷತ್ರಗಳಿದ್ದವಲ್ಲ, ಮಿನುಗುತ್ತಿದ್ದವು. ಅವು ಎಲ್ಲಿ ಹೋದವು?" ಎಂದು ಕೇಳಿದರು.

"ಹುಡುಕುತ್ತಿದ್ದೇನೆ ಭಾವ" ಎಂದೆ. ಗಿಫ್‌ಸಿಟೀಸ್‌ನಲ್ಲಿ ಮಿನುಗುವ ನಕ್ಷತ್ರಗಳೇ ಸಾವಿರಾರು ಇವೆ. ಅವರು ಹೇಳುವ ನೀಲಿ ಅಂಚಿನ ನಕ್ಷತ್ರ ಯಾವುದೆಂದು ಒಂದೊಂದಾಗಿ ಕಳಿಸಿ ಕೇಳುತ್ತಿದ್ದೇನೆ.